ಹಳೆ ಬೇಕರಿ ಕೊಳ್ಳುತ್ತಿದ್ದೇನೆ, ಮೊದಲ ಮೂರು ತಿಂಗಳು ಏನು ಮಾಡಲಿ?

ಪ್ರಶ್ನೆ: ನನಗೆ 36 ವರ್ಷ. ಊರು ಮಂಡ್ಯದ ಹತ್ತಿರ. ಬೆಂಗಳೂರಿನಲ್ಲಿ 11 ವರ್ಷ ಕಂಪನಿ ಕೆಲಸ ಮಾಡಿ ಸಾಕಾಗಿದೆ. ಮೈಸೂರಿನ ಕುವೆಂಪುನಗರದ ಕಡೆ 24 ವರ್ಷದಿಂದ ನಡೆಯುತ್ತಿರುವ ಒಂದು ಬೇಕರಿ ಕೊಳ್ಳಲು ಮಾತುಕತೆ ನಡೆದಿದೆ. ಮಾಲೀಕರಿಗೆ 64 ವರ್ಷ, ಮಕ್ಕಳು ಹೊರದೇಶದಲ್ಲಿದ್ದಾರೆ, ಗಂಡ ಹೆಂಡತಿ ಇಬ್ಬರೇ ಗಲ್ಲಾ ನೋಡಿಕೊಳ್ಳುತ್ತಾರೆ. ಕಟ್ಟಡ ಅವರದೇ. ಅದನ್ನು ಮಾರುವುದಿಲ್ಲ, ನನಗೆ ತಿಂಗಳಿಗೆ 35,000 ರೂ. ಬಾಡಿಗೆಗೆ ಕೊಡುತ್ತಾರೆ. ಓವನ್, ಮಿಕ್ಸರ್, ಶೋಕೇಸ್, ಹೆಸರು ಎಲ್ಲ ಸೇರಿ 32 ಲಕ್ಷ ಕೇಳಿದ್ದಾರೆ. ತಿಂಗಳಿಗೆ 6 ಲಕ್ಷ ವ್ಯಾಪಾರ, 1.2 ಲಕ್ಷ ಉಳಿಯುತ್ತದೆ ಅನ್ನುತ್ತಾರೆ. ಪುಸ್ತಕದಲ್ಲಿ 3 ಲಕ್ಷ ಮಾತ್ರ ಇದೆ, ಜಿಎಸ್‌ಟಿ ಮಾಡಿಸಿಲ್ಲ. ಕಳೆದ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಲೆಕ್ಕ ತೋರಿಸಿದರು. ನನ್ನ ಹತ್ತಿರ 20 ಲಕ್ಷ ಇದೆ, 12 ಲಕ್ಷ ಸಾಲ ಮಾಡಬೇಕು. ಹೊಸ ಹೆಸರು, ಹೊಸ ಇಂಟೀರಿಯರ್, ಆನ್‌ಲೈನ್ ಡೆಲಿವರಿ, ವರ್ಷದೊಳಗೆ ಮಂಡ್ಯದಲ್ಲಿ ಇನ್ನೊಂದು ಶಾಖೆ, ಇದು ನನ್ನ ಯೋಜನೆ. ಮಾಲೀಕರಿಗೆ ಈಗ ಉತ್ಸಾಹವಿಲ್ಲ, ಸಂಜೆ ಐದಕ್ಕೆ ಹೋದರೆ ಖಾರಾ ಬನ್ನೇ ಸಿಗುವುದಿಲ್ಲ. ‘ಮೊದಲ ಮೂರು ತಿಂಗಳಲ್ಲೇ ಧೂಳೆಬ್ಬಿಸಬೇಕು, ಇಲ್ಲದಿದ್ದರೆ ವ್ಯಾಪಾರ ಕೂತುಬಿಡುತ್ತೆ’ ಅನ್ನುತ್ತಾರೆ ನಮ್ಮ ಭಾವ. ಹೇಗೆ ಶುರು ಮಾಡಲಿ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಬೇಗ ವೇಗ ಹಿಡಿಯುವುದು ಹೇಗೆ ಅಂತ. ಅದರ ಹಿಂದಿರುವ ಭಯ ಬೇರೆ ಅಂತ ನನಗನ್ನಿಸಿತು. ‘ಕೆಲಸ ಬಿಟ್ಟು ಬಂದಿದ್ದೇನೆ, ಇಷ್ಟು ದುಡ್ಡು ಹಾಕಿ, ಮೂರು ತಿಂಗಳಾದ ಮೇಲೆ ಮನೆಯವರ ಮುಂದೆ ಏನೂ ತೋರಿಸಲಾಗದಿದ್ದರೆ?’ ಅಲ್ವಾ? ಅದು ಸಹಜ. ಇಪ್ಪತ್ತೆರಡು ವರ್ಷದಿಂದ ಮೈಸೂರು, ಮಂಡ್ಯದ ಸಣ್ಣ ವ್ಯಾಪಾರಿಗಳ ಲೆಕ್ಕ ನೋಡುತ್ತಿದ್ದೇನೆ. ಅಂಗಡಿ ಕೊಂಡವರೆಲ್ಲರಿಗೂ ಈ ಭಯ ಇತ್ತು. ಎಡವಿದವರಲ್ಲಿ ಹೆಚ್ಚಿನವರು ನಿಧಾನ ಮಾಡಿ ಎಡವಲಿಲ್ಲ, ಅವಸರಕ್ಕೆ ಎಡವಿದರು.

ಭಾವನವರ ಮಾತು ಹೊಸದಾಗಿ ತೆರೆಯುವ ಅಂಗಡಿಗೆ ಸರಿ. ಅಲ್ಲಿ ಗಿರಾಕಿಯೇ ಇಲ್ಲ, ಧೂಳೆಬ್ಬಿಸಲೇಬೇಕು. ನೀವು 32 ಲಕ್ಷ ಕೊಡಲು ಹೊರಟಿರುವುದು ಓಡುತ್ತಿರುವ ಬಂಡಿಗೆ. ಅದರಲ್ಲಿ ಓವನ್ನು, ಶೋಕೇಸಿನ ಬೆಲೆ ಎಷ್ಟಿರಬಹುದು? ಹಳೆಯದು, ಗುಜರಿಗಿಂತ ಸ್ವಲ್ಪ ಮೇಲೆ. ಉಳಿದ ಹಣವೆಲ್ಲ ಕಣ್ಣಿಗೆ ಕಾಣದ್ದಕ್ಕೆ: ಬೆಳಗಿನ ಜಾವ ಬಂದು ಹಿಟ್ಟು ಕಲಸುವ ಮಾಸ್ಟರ್‌ಗೆ, ‘ಅದೇ ಬೆಣ್ಣೆ ಬಿಸ್ಕತ್ತು ಕಾಲು ಕೆಜಿ’ ಅಂತ ಕೇಳುವ ಅಕ್ಕಪಕ್ಕದ ಮನೆಯವರಿಗೆ, ದಿನಾ ಬನ್ನು ಬ್ರೆಡ್ಡು ತೆಗೆದುಕೊಳ್ಳುವ ಟೀ ಅಂಗಡಿಗಳಿಗೆ. ವೇಗ ಈಗಾಗಲೇ ಇದೆ, ನೀವು ಕೊಳ್ಳುತ್ತಿರುವುದೇ ಅದನ್ನು. ಮೊದಲ ಮೂರು ತಿಂಗಳ ಕೆಲಸ ಅದನ್ನು ಕೆಡಿಸದೆ ಇರುವುದು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ವೃತ್ತಿ ಶುರು ಮಾಡಿದ ಹೊಸದರಲ್ಲಿ ಮಂಡ್ಯದ ಒಬ್ಬರಿಗೆ ಓಡುತ್ತಿದ್ದ ಹಾರ್ಡ್‌ವೇರ್ ಅಂಗಡಿ ಕೊಡಿಸಿದೆ. ಬೋರ್ಡ್ ಬದಲಿಸಿ ಅಂತ ಹೇಳಿದವನೂ ನಾನೇ. ಹೊಸ ಬೋರ್ಡ್ ಏರಿದ ವಾರವೇ ಸರಕು ಕೊಡುವವರೆಲ್ಲ ಹಳೆ ಬಾಕಿ ಕೇಳಿಕೊಂಡು ಬಂದರು, ಸಾಲಕ್ಕೆ ಸರಕು ನಿಂತಿತು. ಮೇಸ್ತ್ರಿಗಳು ‘ಯಾರೋ ಹೊಸಬರು’ ಅಂತ ಪಕ್ಕದ ಅಂಗಡಿಗೆ ಹೋದರು. ಅವರು ಚೇತರಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ, ಅದು ಅವರ ದೊಡ್ಡತನ.

ಮೊದಲು ಲೆಕ್ಕ ನೋಡೋಣ

ಮಾಲೀಕರು ಹೇಳುವ 1.2 ಲಕ್ಷ ಸುಳ್ಳಲ್ಲದೆ ಇರಬಹುದು. ಆದರೆ ಅದು ಅವರ ಉಳಿಕೆ, ನಿಮ್ಮದಲ್ಲ. ಅವರು ಬಾಡಿಗೆ ಕಟ್ಟುತ್ತಿಲ್ಲ. ನೀವು 35,000 ಕಟ್ಟಬೇಕು. ಗಂಡ ಹೆಂಡತಿ ಇಬ್ಬರೂ ಸಂಬಳವಿಲ್ಲದೆ ಗಲ್ಲಾದಲ್ಲಿ ಕೂರುತ್ತಾರೆ. ನೀವೊಬ್ಬರು ಕೂತರೂ ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕು, 15,000 ಅಂದುಕೊಳ್ಳಿ. ಉಳಿಯುವುದು 70,000. 12 ಲಕ್ಷ ಸಾಲಕ್ಕೆ ಶೇ 12ರ ಬಡ್ಡಿ, ಐದು ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 26,700. ಕೈಗೆ ಬರುವುದು 43,000 ಚಿಲ್ಲರೆ. ದಿನಕ್ಕೆ ಹದಿನಾಲ್ಕು ಗಂಟೆ ನಿಂತ ಕೂಲಿಯೂ ಅದರಲ್ಲೇ ಸೇರಿದೆ.

1.2 ಲಕ್ಷದ ಲೆಕ್ಕದಲ್ಲಿ 32 ಲಕ್ಷ ಅಂದರೆ ಎರಡು ವರ್ಷ ಚಿಲ್ಲರೆಯ ಗಳಿಕೆ, ಅಗ್ಗ ಅನ್ನಿಸುತ್ತದೆ. 70,000ದ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು ವರ್ಷದ ಗಳಿಕೆ. ಒಬ್ಬ ಮಾಲೀಕರ ಮುಖ ನೋಡಿ ನಡೆಯುವ ಇಂಥ ಅಂಗಡಿಗೆ ನಾನು ಎರಡರಿಂದ ಎರಡೂವರೆ ವರ್ಷದ ನಿಜವಾದ ಗಳಿಕೆಗಿಂತ ಜಾಸ್ತಿ ಕೊಡಿ ಅನ್ನುವುದಿಲ್ಲ. ಅಂದರೆ 17ರಿಂದ 21 ಲಕ್ಷ. ಇದು ಕಾನೂನಲ್ಲ, ನನ್ನ ಅಂದಾಜು. ಬೇರೆಯವರು ಬೇರೆ ಹೇಳಬಹುದು.

ಅದೂ 6 ಲಕ್ಷದ ವ್ಯಾಪಾರ ನಿಜವಾದರೆ. ನಿಮಗೆ ತೋರಿಸಿರುವುದು ಸೆಪ್ಟೆಂಬರ್‌ನಿಂದ ನವೆಂಬರ್. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಸರಾ, ಊರಿಗೆ ಬರುವ ನೆಂಟರು, ಮನೆಮನೆಯ ಬೊಂಬೆ ಬಾಗಿನ, ಆಯುಧಪೂಜೆಯ ಸ್ವೀಟ್ ಬಾಕ್ಸ್, ಅದರ ಬೆನ್ನಿಗೇ ದೀಪಾವಳಿ. ಆ ಮೂರು ತಿಂಗಳು ನೋಡಿ ವರ್ಷ ಅಳೆದರೆ, ಕನ್ನಂಬಾಡಿ ತುಂಬಿದಾಗ ನೋಡಿ ಬೇಸಿಗೆಯಲ್ಲೂ ನೀರು ಹೀಗೇ ಇರುತ್ತೆ ಅಂದುಕೊಂಡ ಹಾಗೆ. ಆಷಾಢದ ಲೆಕ್ಕ ಕೇಳಿ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಆರ್ಡರ್ ಇರುವುದಿಲ್ಲ. ಫೆಬ್ರುವರಿ, ಮಾರ್ಚ್‌ನದ್ದೂ ಕೇಳಿ.

ಪುಸ್ತಕದಲ್ಲಿ ಅರ್ಧ ವ್ಯಾಪಾರವೇ ಇಲ್ಲ ಅಂದಮೇಲೆ ಹೇಗೆ ನಂಬುವುದು? ಬೇಕರಿಯಲ್ಲಿ ಮೈದಾ ಸುಳ್ಳು ಹೇಳುವುದಿಲ್ಲ. 50 ಕೆಜಿ ಮೂಟೆಯಿಂದ ಹೆಚ್ಚುಕಡಿಮೆ 70 ಕೆಜಿ ಬ್ರೆಡ್ ಬರುತ್ತದೆ, ಅಂದರೆ 400 ಗ್ರಾಂನ ಸುಮಾರು 175 ಬ್ರೆಡ್. ಕಳೆದ ಹನ್ನೆರಡು ತಿಂಗಳು ಎಷ್ಟು ಮೂಟೆ ಬಂದಿದೆ ಅಂತ ಸರಕು ಕೊಡುವವರ ಬಿಲ್ಲಿನಿಂದ ತೆಗೆಯಿರಿ. ಸಕ್ಕರೆ, ವನಸ್ಪತಿ, ಕರೆಂಟ್ ಬಿಲ್ಲು, ಯುಪಿಐ ಖಾತೆಯ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಳ್ಳಿ. ನಾಲ್ಕೂ ಒಂದೇ ಕಡೆ ಕೈ ತೋರಿಸಿದರೆ ಮಾಲೀಕರ ಮಾತು ನಿಜ. ಆಮೇಲೆ ಒಂದು ವಾರ ಪೂರ್ತಿ, ಬೆಳಗಿನ ಜಾವದಿಂದ ರಾತ್ರಿ ಬಾಗಿಲು ಹಾಕುವವರೆಗೆ ಅಂಗಡಿಯಲ್ಲೇ ಇರಲು ಅನುಮತಿ ಕೇಳಿ. ಸುಮ್ನೆ ಕೂತು ನೋಡಿ. ಯಾವ ಗಂಟೆಗೆ ಏನು ಖಾಲಿಯಾಗುತ್ತದೆ, ರಾತ್ರಿ ಏನು ಉಳಿಯುತ್ತದೆ ಅಂತ ಬರೆದುಕೊಳ್ಳಿ.

ಲೆಕ್ಕ ಸರಿಯಿದ್ದೂ ಮೋಸ ಹೋಗುವುದುಂಟು. ನನ್ನ ಕಕ್ಷಿದಾರರೊಬ್ಬರು 2022ರಲ್ಲಿ ಬೆಂಗಳೂರು–ಮೈಸೂರು ಹಳೆ ರಸ್ತೆಯ ಬದಿಯ ಹೋಟೆಲ್ ಒಂದನ್ನು ಕೊಂಡರು. ಲೆಕ್ಕ ಕನ್ನಡಿಯ ಹಾಗಿತ್ತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ಕಾರುಗಳು ಊರೊಳಗೆ ಬರುವುದೇ ನಿಂತುಹೋಯಿತು. ಮಾರಿದವರು ಸುಳ್ಳು ಹೇಳಿರಲಿಲ್ಲ, ಆದರೆ ರಸ್ತೆ ಬರುವುದು ಊರಿಗೆಲ್ಲ ಗೊತ್ತಿತ್ತು. ನಿಮ್ಮ ಬೇಕರಿಯ ಎದುರಿನ ರಸ್ತೆ, ಹತ್ತಿರದ ಶಾಲೆ, ಬಸ್ ನಿಲ್ದಾಣ, ಪಾರ್ಕಿಂಗ್ ಬದಲಾಗಲಿದೆಯೇ ಅಂತ ನಾಲ್ಕು ಜನರನ್ನು ವಿಚಾರಿಸಿ.

ಜಿಎಸ್‌ಟಿ ಇಲ್ಲ ಅನ್ನುವುದು ಅನುಕೂಲವಲ್ಲ

ನೀವು ಇದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಪತ್ರದಲ್ಲಿ ಅತಿ ಹೆಚ್ಚು ಗಾಬರಿಯಾಗಿದ್ದು ಇದರಿಂದ. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಪುಸ್ತಕದ 3 ಲಕ್ಷಕ್ಕೆ ವರ್ಷಕ್ಕೆ 36 ಲಕ್ಷ ಆಗುತ್ತದೆ, ಗೆರೆಯಿಂದ ಸ್ವಲ್ಪ ಕೆಳಗೆ. ಬಾಯಿಮಾತಿನ 6 ಲಕ್ಷಕ್ಕೆ 72 ಲಕ್ಷ. ಬ್ರೆಡ್ಡಿಗೆ ತೆರಿಗೆ ಇಲ್ಲ ನಿಜ, ಆದರೆ 40 ಲಕ್ಷದ ಲೆಕ್ಕಕ್ಕೆ ಅದೂ ಸೇರುತ್ತದೆ. ಕೇಕು, ಬಿಸ್ಕತ್ತಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ. ಅದಕ್ಕೂ ಮೊದಲು ಶೇ 18 ಇತ್ತು. ಹಳೆ ಬಾಕಿ ಎದ್ದರೆ ಹಳೆ ದರದಲ್ಲೇ ಏಳುತ್ತದೆ.

‘ಅದು ಅವರ ಬಾಕಿ, ನನಗೇನು?’ ಅನ್ನುವುದು ನಾನು ಕೇಳುವ ದೊಡ್ಡ ತಪ್ಪು ಕಲ್ಪನೆ. ಜಿಎಸ್‌ಟಿ ಕಾನೂನಿನ 85ನೇ ಸೆಕ್ಷನ್ ಪ್ರಕಾರ, ವ್ಯಾಪಾರ ಕೈಬದಲಾದ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವರೂ ಕೊಂಡವರೂ ಇಬ್ಬರೂ ಹೊಣೆ. ಆ ಬಾಕಿ ಮಾರಾಟಕ್ಕೆ ಮೊದಲೇ ಗೊತ್ತಾಗಿರಲಿ, ಆಮೇಲೆ ಗೊತ್ತಾಗಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ನೆನಪಿರಬೇಕು. ಬೇಕರಿ, ಕಾಂಡಿಮೆಂಟ್ಸ್‌ನವರೂ ಅದರಲ್ಲಿದ್ದರು. ಆಗ ಗಲಾಟೆಯಾಗಿ ಸರ್ಕಾರ ಹಳೆ ಬಾಕಿಯ ವಿಷಯದಲ್ಲಿ ಮೆತ್ತಗಾಯಿತು. ಪ್ರತಿ ಸಲವೂ ಹಾಗೇ ಆಗುತ್ತೆ ಅಂತ ನಂಬಿ 32 ಲಕ್ಷ ಇಡಬೇಡಿ. ಮಾಲೀಕರಿಗೆ ನೋಟಿಸ್ ಬಂದಿತ್ತಾ, ಬಂದಿದ್ದರೆ ಏನು ಉತ್ತರ ಕೊಟ್ಟರು ಅಂತ ಕೇಳಿ.

ಉಳಿದ ಕಾಗದಗಳ ಮಾತು ಬೇಗ ಮುಗಿಸುತ್ತೇನೆ. ಜಿಎಸ್‌ಟಿ ನಂಬರು ಪ್ಯಾನ್‌ಗೆ ಅಂಟಿಕೊಂಡದ್ದು, ನಿಮ್ಮದೇ ಹೊಸದು ಬೇಕು. ಆಹಾರ ಸುರಕ್ಷತೆ ಲೈಸೆನ್ಸು, ಪಾಲಿಕೆಯ ಟ್ರೇಡ್ ಲೈಸೆನ್ಸು ಕೂಡ ನಿಮ್ಮ ಹೆಸರಿನಲ್ಲಿ ಹೊಸದಾಗಿ ಮಾಡಿಸಿ. ಕಟ್ಟಡಕ್ಕೆ 11 ತಿಂಗಳ ಕರಾರು ಸಾಲದು. ಮಾರಿದವರೇ ನಿಮ್ಮ ಮನೆ ಯಜಮಾನರೂ ಆಗುತ್ತಾರೆ. ವ್ಯಾಪಾರ ಚಿಗುರಿದ ಮೇಲೆ ‘ಖಾಲಿ ಮಾಡಿ’ ಅಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಓವನ್ನು ಮಾತ್ರ. ಐದು ವರ್ಷಕ್ಕಾದರೂ ಲೀಸ್ ಬರೆಸಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಇನ್ನೊಂದು, ಮಾಲೀಕರು ಇದೇ ಸುತ್ತಿನಲ್ಲಿ ಮತ್ತೆ ಬೇಕರಿ ತೆರೆಯಬಾರದು ಅಂತ ಬರೆಸಿ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ವ್ಯಾಪಾರ ಮಾಡದಂತೆ ತಡೆಯುವ ಕರಾರನ್ನು ಒಪ್ಪುವುದಿಲ್ಲ. ಆದರೆ ವ್ಯಾಪಾರದ ಹೆಸರು, ನಂಬಿಕೆಯನ್ನು ಮಾರಿದವರಿಗೆ ಮಾತ್ರ, ಸಮಂಜಸ ಅನ್ನಿಸುವ ಗಡಿಯೊಳಗೆ, ಅದಕ್ಕೆ ವಿನಾಯಿತಿ ಇದೆ.

ಆ ವಿನಾಯಿತಿ ಮಾಸ್ಟರ್‌ಗೆ ಅನ್ವಯಿಸುವುದಿಲ್ಲ. ಕೆಲಸ ಬಿಟ್ಟ ಮೇಲೆ ಎದುರುಗಡೆ ಹೋಗಿ ಸೇರಬೇಡ ಅಂತ ಬರೆಸಿಕೊಂಡರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವರನ್ನು ಕಾಗದದಿಂದ ಕಟ್ಟಿಹಾಕಲು ಆಗದು, ಸಂಬಳ ಮತ್ತು ಮರ್ಯಾದೆಯಿಂದ ಮಾತ್ರ ಆಗುತ್ತದೆ. ನೀವು ಪತ್ರದಲ್ಲಿ ಮಾಸ್ಟರ್ ಬಗ್ಗೆ ಒಂದು ಮಾತೂ ಬರೆದಿಲ್ಲ! ಬೆಣ್ಣೆ ಬಿಸ್ಕತ್ತಿನ ರುಚಿ ಮಾಲೀಕರ ಕೈಯದಲ್ಲ, ಅವರ ಕೈಯದು. ಮಾತುಕತೆ ಕೊನೆ ಹಂತಕ್ಕೆ ಬಂದಾಗ, ಮಾಲೀಕರ ಎದುರಿಗೇ, ಅವರ ಜೊತೆ ಕೂತು ಮಾತಾಡಿ. ಮುಂಗಡ ಎಷ್ಟು ತೆಗೆದುಕೊಂಡಿದ್ದಾರೆ ಕೇಳಿ. ಈ ಕಸುಬಿನಲ್ಲಿ 40,000, 50,000 ಮುಂಗಡ ಮಾಮೂಲು. ಅಂಗಡಿ ಕೈಬದಲಾದಾಗ ಆ ಮುಂಗಡ ಯಾರ ಲೆಕ್ಕಕ್ಕೆ ಅಂತ ತೀರ್ಮಾನವಾಗಿರದಿದ್ದರೆ, ಹಳೆ ಮಾಲೀಕರು ‘ಅದು ಅವರದು’ ಅನ್ನುತ್ತಾರೆ, ಮಾಸ್ಟರ್ ಊರಿಗೆ ಹೋದವರು ತಿರುಗಿ ಬರುವುದಿಲ್ಲ.

ಲೈನ್ ಸೇಲ್, ಅಂದರೆ ಬೇರೆ ಅಂಗಡಿಗಳಿಗೆ ದಿನಾ ಮಾಲು ಹಾಕುವುದರ ಬಗ್ಗೆಯೂ ನೀವು ಬರೆದಿಲ್ಲ. 24 ವರ್ಷದ ಬೇಕರಿ ಅಂದಮೇಲೆ ಸುತ್ತಲಿನ ಟೀ ಅಂಗಡಿಗಳಿಗೆ ಬ್ರೆಡ್ಡು ಬನ್ನು ಹೋಗುತ್ತಲೇ ಇರಬೇಕು. ಅಲ್ಲಿ ಉದ್ರಿ ಎಷ್ಟಿದೆ, ವಾಪಸ್ ಬರುವ ಮಾಲು ಎಷ್ಟು, ಹಳೆ ಉದ್ರಿ ವಸೂಲಿ ಯಾರದು ಅಂತ ಬರೆದುಕೊಳ್ಳಿ. ದಿನಾ ಸ್ಕೂಟರಿನಲ್ಲಿ ಟ್ರೇ ಹೊತ್ತು ಹೋಗುವ ಹುಡುಗನ ತಲೆಯಲ್ಲಿ ಆ ಲೆಕ್ಕವೆಲ್ಲ ಇರುತ್ತದೆ. ಅವನ ಜೊತೆ ಎರಡು ದಿನ ಸುತ್ತಿ ಬನ್ನಿ.

ದುಡ್ಡು ಕೊಡುವ ದಾರಿಗಳು

ಪೂರ್ತಿ ಒಂದೇ ಸಲ ಕೊಟ್ಟು ಕೊಳ್ಳಬಹುದು. ಬೆಲೆ ಸ್ವಲ್ಪ ಇಳಿಯುತ್ತದೆ. ಆದರೆ ಮರುದಿನದಿಂದ ಮಾಲೀಕರಿಗೆ ನಿಮ್ಮ ಫೋನ್ ಎತ್ತುವ ಅಗತ್ಯ ಇರುವುದಿಲ್ಲ. ಆಮೇಲೆ ಏಳುವ ಬಾಕಿಗೆ ನೀವೊಬ್ಬರೇ ಓಡಾಡಬೇಕು.

ನನಗೆ ಹಿಡಿಸುವುದು ಎಪ್ಪತ್ತು–ಮೂವತ್ತು. ಎಪ್ಪತ್ತು ಪಾಲು ಈಗ, ಮೂವತ್ತು ಪಾಲು ವರ್ಷದಲ್ಲಿ ಎರಡು ಕಂತಾಗಿ. ಹಳೆ ಕಾಲದ ತೆರಿಗೆ, ಸರಕಿನ ಬಾಕಿ ಏನಾದರೂ ಎದ್ದರೆ ಅದರಲ್ಲಿ ಮುರಿದುಕೊಳ್ಳುವಂತೆ ಬರೆಸಿ. ಜೊತೆಗೆ ಮೊದಲ ಎರಡು ತಿಂಗಳು ಮಾಲೀಕರು ದಿನಕ್ಕೆ ಮೂರು ಗಂಟೆ ಗಲ್ಲಾ ಪಕ್ಕದಲ್ಲಿ ಕೂತಿರಬೇಕು, ಅದಕ್ಕೆ ಬೇಕಾದರೆ ಗೌರವಧನ ಕೊಡಿ. ‘ಇವರು ನಮ್ಮ ಹುಡುಗನೇ’ ಅಂತ ಅವರು ಗಿರಾಕಿಗೆ ಹೇಳುವ ಒಂದು ಮಾತಿಗೆ ಯಾವ ಜಾಹೀರಾತೂ ಸಮವಲ್ಲ. ಇದರ ಅಪಾಯ ಏನು? ಗಿರಾಕಿಗಳು ಅವರನ್ನೇ ಮಾಲೀಕರು ಅಂತ ನೋಡುತ್ತಾರೆ, ಕೆಲಸಗಾರರೂ ನಿಮ್ಮ ಮಾತು ಬಿಟ್ಟು ಅವರ ಮುಖ ನೋಡುತ್ತಾರೆ. ಎರಡು ತಿಂಗಳು ಅಂದರೆ ಎರಡೇ ತಿಂಗಳು.

ಆರು ತಿಂಗಳು ಬಾಡಿಗೆಗೆ ನಡೆಸಿ, ಒಪ್ಪಿಗೆಯಾದರೆ ಕೊಳ್ಳುವ ದಾರಿಯೂ ಇದೆ. ಹೊಸಬರಿಗೆ ಇದು ಕ್ಷೇಮ. ಆದರೆ ಕೊಳ್ಳುವ ಬೆಲೆಯನ್ನು ಮೊದಲ ದಿನವೇ ಬರೆಸದಿದ್ದರೆ, ನೀವು ವ್ಯಾಪಾರ ಏರಿಸಿದಷ್ಟೂ ಅವರು ಬೆಲೆ ಏರಿಸುತ್ತಾರೆ. ಅವರ ಲೈಸೆನ್ಸಿನಲ್ಲಿ ನೀವು ನಡೆಸುವ ಹಾಗೂ ಇಲ್ಲ. ಪಾಲುದಾರಿಕೆ ಬೇಡ. ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರನೂ ಪೂರ್ತಿ ಹೊಣೆಯಾಗುತ್ತಾನೆ, ಮುಖ ನೋಡಿ ಒಪ್ಪಿಕೊಂಡವರು ಕಷ್ಟಪಟ್ಟಿದ್ದು ನೋಡಿದ್ದೇನೆ.

ಸಾಲದ ಬಗ್ಗೆ ಎರಡು ಮಾತು. ಸ್ವಂತ ಉದ್ಯೋಗ ಶುರು ಮಾಡುವವರಿಗೆ ಕೇಂದ್ರ ಸರ್ಕಾರ ಕೊಡುವ ಪಿಎಂಇಜಿಪಿ ಸಬ್ಸಿಡಿ ಸಿಗುತ್ತೆ ಅಂತ ಯಾರಾದರೂ ಹೇಳಿದ್ದರೆ ಮರೆತುಬಿಡಿ. ಅದು ಹೊಸ ಘಟಕ ಶುರು ಮಾಡುವವರಿಗೆ, ನಡೆಯುತ್ತಿರುವುದನ್ನು ಕೊಳ್ಳುವವರಿಗಲ್ಲ. ಸಣ್ಣ ವ್ಯಾಪಾರಿಗಳ ಸಾಲ ಯೋಜನೆಯಾದ ಮುದ್ರಾದಲ್ಲಿ ಮೊದಲ ಸಲದವರಿಗೆ ಗರಿಷ್ಠ 10 ಲಕ್ಷ. 20 ಲಕ್ಷ ಅನ್ನುವುದು ಅದೇ ಮುದ್ರಾದ ‘ತರುಣ್’ ವರ್ಗದ ಸಾಲ ತೆಗೆದು ಸರಿಯಾಗಿ ತೀರಿಸಿದವರಿಗೆ. ಗದ್ದೆ ಅಡ ಇಡುವ ಯೋಚನೆ ಇದ್ದರೆ ಬಿಡಿ. ನಿಮ್ಮ ಲೆಕ್ಕದಲ್ಲಿ 20 ಮತ್ತು 12 ಸೇರಿ 32 ಅಲ್ಲಿಗಲ್ಲಿಗೆ ಮುಗಿಯಿತು, ನಡೆಸಲು ಒಂದು ರೂಪಾಯಿ ಉಳಿಯಲಿಲ್ಲ. ಹಳೆ ಮಾಲೀಕರಿಗೆ ಹದಿನೈದು ದಿನದ ಸಾಲಕ್ಕೆ ಮೈದಾ, ಸಕ್ಕರೆ ಕೊಡುವವರು ನಿಮಗೆ ಮೊದಲ ಕೆಲವು ತಿಂಗಳು ನಗದಿಗೇ ಕೊಡುತ್ತಾರೆ. ತಿಂಗಳಿಗೆ 3 ಲಕ್ಷದ ಸರಕು ಅಂದರೂ ಅಲ್ಲೇ ಒಂದೂವರೆ ಲಕ್ಷ ಬೇಕು. ಎರಡು ತಿಂಗಳ ಖರ್ಚು ಮುಟ್ಟದೆ ಬೇರೆ ಇಟ್ಟು, ಉಳಿದದ್ದರಲ್ಲಿ ಬೆಲೆ ಮಾತಾಡಿ.

ಆ ಖಾರಾ ಬನ್

ಈಗ ನಿಮ್ಮ ಪ್ರಶ್ನೆಗೆ. ಉತ್ತರ ನಿಮ್ಮ ಪತ್ರದಲ್ಲೇ ಇದೆ, ನೀವು ದೂರಿನ ಹಾಗೆ ಬರೆದಿದ್ದೀರಿ: ಸಂಜೆ ಐದಕ್ಕೆ ಖಾರಾ ಬನ್ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ? 64ರ ವಯಸ್ಸಿಗೆ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಭಟ್ಟಿ ಹಾಕಿಸಿ ನಿಲ್ಲಲು ಅವರಿಂದ ಆಗುತ್ತಿಲ್ಲ. ಶಾಲೆ ಬಿಟ್ಟ ಮಕ್ಕಳು, ಕೆಲಸದಿಂದ ಬರುವವರು ಐದಕ್ಕೆ ಬಂದು ಬರಿಗೈಲಿ ಹೋಗುತ್ತಿದ್ದಾರೆ. ಓವನ್ ಇದೆ, ಮಾಸ್ಟರ್ ಇದ್ದಾರೆ, ಗಿರಾಕಿ ಬಾಗಿಲಿಗೇ ಬರುತ್ತಿದ್ದಾರೆ. ದಿನಕ್ಕೆ 80 ಬನ್ ಜಾಸ್ತಿ ಹೋಗಿ, ಒಂದಕ್ಕೆ ಖರ್ಚು ಕಳೆದು 8 ರೂಪಾಯಿ ಉಳಿದರೆ ದಿನಕ್ಕೆ 640, ತಿಂಗಳಿಗೆ 19,200. ಸಾಲದ ಕಂತಿನ ಮುಕ್ಕಾಲು ಪಾಲಿನ ಹತ್ತಿರ. ಮಾಸ್ಟರ್‌ಗೂ ಹೆಲ್ಪರ್‌ಗೂ ಆ ಎರಡನೇ ಪಾಳಿಗೆ ಹೆಚ್ಚಿನ ಕೂಲಿ ಕೊಡಿ, ಅದರಿಂದ ಅವರೂ ಉಳಿದುಕೊಳ್ಳುತ್ತಾರೆ. ಇದಕ್ಕೆ ಇಂಟೀರಿಯರ್ ಬೇಕಾಗಿಲ್ಲ.

ಮೊದಲ ಮೂರು ತಿಂಗಳು ಹೆಸರು, ರುಚಿ, ಬೆಲೆ, ಜನ ಯಾವುದನ್ನೂ ಮುಟ್ಟಬೇಡಿ. ಬೋರ್ಡ್ ತೊಳೆಸಿ, ಒಂದು ಟ್ಯೂಬ್‌ಲೈಟ್ ಜಾಸ್ತಿ ಹಾಕಿ, ಸಾಕು. ಸಂಜೆಯ ಭಟ್ಟಿ ಒಂದು ಹದಕ್ಕೆ ಬಂದ ಮೇಲೆ, ರಾತ್ರಿ ಉಳಿಯುವ ಮಾಲು ಮತ್ತು ಲೈನಿನಿಂದ ವಾಪಸ್ ಬರುವುದನ್ನು ದಿನಾ ಬರೆದಿಡಿ. ಎರಡನೇ ಗೆಲುವು ಅಲ್ಲಿರುತ್ತದೆ, ಎಷ್ಟು ಅಂತ ನಾನು ಇಲ್ಲಿಂದ ಹೇಳಲಾರೆ. ಆನ್‌ಲೈನ್ ಡೆಲಿವರಿಯನ್ನು ಕೇಕಿಗೆ ಮಾತ್ರ ಆಮೇಲೆ ನೋಡಬಹುದು. ಬನ್ನು, ಪಫ್ಸಿಗೆ ಕಮಿಷನ್, ಪ್ಯಾಕಿಂಗ್ ಕಳೆದರೆ ಏನೂ ಉಳಿಯುವುದಿಲ್ಲ. ಮಂಡ್ಯದ ಶಾಖೆಯ ಆಸೆ ಅರ್ಥವಾಗುತ್ತದೆ, ಊರಿನವರ ಮುಂದೆ ಅಂಗಡಿ ತೆರೆಯುವ ಖುಷಿಯೇ ಬೇರೆ. ಆದರೆ ಇರುವವರು ಒಬ್ಬರೇ ಮಾಸ್ಟರ್. ಅವರ ಕೈಕೆಳಗೆ ಇನ್ನೊಬ್ಬರು ತಯಾರಾಗುವವರೆಗೆ ಎರಡನೇ ಅಂಗಡಿಯ ಬಾಡಿಗೆ ಮುಂಗಡ ಕೊಡಬೇಡಿ.

ಮುಂದಿನ ಸಲ ಮಾಲೀಕರ ಮನೆಗೆ ಹೋದಾಗ ಬೆಲೆಯ ಮಾತೆತ್ತಬೇಡಿ. ವರ್ಷದ ಮೈದಾ ಬಿಲ್ಲು, ಯುಪಿಐ ಸ್ಟೇಟ್‌ಮೆಂಟು ಕೇಳಿ, ಒಂದು ವಾರ ಅಂಗಡಿಯಲ್ಲಿ ಕೂರುತ್ತೇನೆ ಅನ್ನಿ. ಕೊಟ್ಟರೆ ಅದನ್ನು ಹಿಡಿದುಕೊಂಡು ನಿಮ್ಮ ಊರಿನ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಹೋಗಿ, ಅಡ್ವಾನ್ಸ್ ಆಮೇಲೆ. ‘ಅದೆಲ್ಲ ಯಾಕೆ, ನಂಬಿಕೆ ಇಲ್ವಾ?’ ಅಂದರೆ ಒಂದು ಲೋಟ ಕಾಫಿ ಕುಡಿದು ಎದ್ದು ಬನ್ನಿ. ಕುವೆಂಪುನಗರದಲ್ಲಿ ಬೇಕರಿ ಅದೊಂದೇ ಅಲ್ಲ.